ಗೊರಕೆಯನ್ನು ಹಗುರವಾಗಿ ಕಾಣಬೇಡಿ

ದಿನವಿಡೀ ಅಂಗಡಿಯ ಗಾದಿಯ ಮೇಲೆ ಕುಳಿತು ದುಡಿದ ಯಜಮಾನರು ರಾತ್ರಿ ಗೊರಕೆ ಹೊಡೆದರೆ, “ದಣಿದಿದ್ದಾರೆ, ಒಳ್ಳೆಯ ನಿದ್ರೆ ಬಂದಿದೆ” ಎಂದು ನಾವೆಲ್ಲ ಸಮಾಧಾನಪಡುತ್ತೇವೆ. ಆದರೆ ಎಲ್ಲ ಗೊರಕೆಯೂ ಸುಖನಿದ್ರೆಯ ಗುರುತಲ್ಲ. ಜೋರಾದ ಗೊರಕೆ ಥಟ್ಟನೆ ನಿಂತು, ಕೆಲವು ಕ್ಷಣ ಉಸಿರೇ ಇಲ್ಲದಂತಾಗಿ, ಮತ್ತೆ ಏದುಸಿರಿನೊಡನೆ ಆರಂಭವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಎಂಬ ರೋಗವಿರಬಹುದು.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಉಸಿರು ಕನಿಷ್ಠ 10 ಸೆಕೆಂಡು ನಿಲ್ಲುವುದು ಅಥವಾ ತೀರ ಕ್ಷೀಣಿಸುವುದು ಗಂಟೆಗೆ 5 ಸಲ ಮೀರಿದರೆ ವೈದ್ಯರು ರೋಗವೆಂದು ಎಣಿಸುತ್ತಾರೆ; 30 ಸಲ ಮುಟ್ಟಿದರೆ ತೀವ್ರ ಸ್ವರೂಪದ್ದು. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ದೇಹವನ್ನು ಎಚ್ಚರಿಸುತ್ತದೆ. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ. ಬೆಳಿಗ್ಗೆ ತಲೆನೋವು, ಹಗಲಿನಲ್ಲಿ ತೂಕಡಿಕೆ, ಗುಳಿಗೆಗೂ ಬಗ್ಗದ ರಕ್ತದೊತ್ತಡ, ಇಷ್ಟೇ ಕಾಣುವುದು.

ಇದಕ್ಕೂ ಹೊಟ್ಟೆಗೂ ಏನು ಸಂಬಂಧ? ನಮ್ಮ ಕರುಳಿನಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಕಾಳು, ಸೊಪ್ಪು, ಧಾನ್ಯಗಳ ನಾರಿನಿಂದ ಅವು ಕರುಳಿನ ಒಳಪದರವನ್ನು ಪೋಷಿಸುವ ಆಮ್ಲಗಳನ್ನು ತಯಾರಿಸುತ್ತವೆ. ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2016ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಜೀವದಯೆಯನ್ನು ನಂಬಿದ ನಮಗೆ ಇಂಥ ಪ್ರಯೋಗ ಹಿತವೆನಿಸದು. ಆದರೆ ತಿಳಿದುಬಂದ ಸಂಗತಿ ಗಮನಾರ್ಹ. ನಿದ್ರೆಯಲ್ಲಿ ಉಸಿರು ತಡೆದಾಗ, ಸಾದಾ ಆಹಾರ ತಿಂದ ಇಲಿಗಳ ರಕ್ತದೊತ್ತಡ ಏರಲಿಲ್ಲ. ಜಿಡ್ಡಿನ ಆಹಾರ ತಿಂದವುಗಳಲ್ಲಿ ಏರಿತು. ಇವುಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಉಸಿರುತಡೆಯುಳ್ಳ ಸಾದಾ ಆಹಾರದ ಇಲಿಗಳಿಗೆ ಸೇರಿಸಿದಾಗ ಅವುಗಳಿಗೂ ರಕ್ತದೊತ್ತಡ ಬಂತು. ಎಂದರೆ ಉಸಿರಿನ ತೊಂದರೆ ಮತ್ತು ಕೆಟ್ಟ ಆಹಾರ ಕೂಡಿದಾಗ ಹಾನಿಗೆ ಕರುಳೂ ದಾರಿಯಾಗಬಲ್ಲದು. ಮನುಷ್ಯರಲ್ಲಿ ಇದು ಇನ್ನೂ ಸಿದ್ಧಪಟ್ಟಿಲ್ಲವಾದ್ದರಿಂದ, ಮೊಸರು ಮಜ್ಜಿಗೆಯೇ ಈ ರೋಗಕ್ಕೆ ಮದ್ದೆಂದು ಯಾರೂ ಭಾವಿಸಬಾರದು.

ರಾತ್ರಿಭೋಜನ ತ್ಯಾಗವನ್ನು ನಮ್ಮ ಹಿರಿಯರು ಅಹಿಂಸೆಗಾಗಿ ಪಾಲಿಸಿದರು. ಅದರಿಂದ ದೇಹಕ್ಕೂ ಲಾಭವುಂಟು. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಹುಳಿ ಮೇಲೆ ಬಂದು ಎದೆ ಉರಿಯುತ್ತದೆ, ನಿದ್ರೆ ಕೆಡುತ್ತದೆ. ಸ್ಲೀಪ್ ಆಪ್ನಿಯಾ ಇದ್ದವರಲ್ಲಿ ಈ ತೊಂದರೆ ಹೆಚ್ಚು. ಇಂದು ಎಷ್ಟೋ ಮನೆಗಳಲ್ಲಿ ಅಂಗಡಿ ಮುಚ್ಚಿ ಬಂದ ಮೇಲೆ ಹತ್ತು ಗಂಟೆಗೆ ಊಟ. ಸಂಜೆಯ ಬುತ್ತಿಯನ್ನು ಅಂಗಡಿಗೇ ಕಳುಹಿಸಿದರೆ ವ್ರತವೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ. ಸೊಲ್ಲಾಪುರ, ಜತ್ತ ಕಡೆಯ ನಮ್ಮ ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯದಲ್ಲಿ ಬೇಕಾದ ನಾರಿದೆ. ತುಪ್ಪದ ಸಿಹಿ, ಕರಿದ ತಿಂಡಿ ಹಬ್ಬಕ್ಕೆ ಮಾತ್ರ ಇರಲಿ.

ಆದರೆ ವ್ರತ ಹಿಡಿದವರಿಗೆ ಈ ರೋಗ ಬರುವುದೇ ಇಲ್ಲವೆಂದಲ್ಲ. ಸಂಶಯವಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಅಥವಾ ಶ್ವಾಸಕೋಶ ತಜ್ಞರನ್ನು ಕಂಡು ನಿದ್ರೆಯ ಪರೀಕ್ಷೆ ಮಾಡಿಸಬೇಕು. ಬೊಜ್ಜು ಇದ್ದವರು ತೂಕ ಇಳಿಸಿದರೆ ರೋಗ ತಗ್ಗುತ್ತದೆ. ಆಸ್ಟ್ರೇಲಿಯದ ಡಾ. ಕಾಲಿನ್ ಸಲಿವನ್ 1981ರಲ್ಲಿ ಲೋಕಕ್ಕೆ ತಿಳಿಸಿದ ಸಿ-ಪ್ಯಾಪ್ ಯಂತ್ರ ಮುಖವಾಡದ ಮೂಲಕ ಗಾಳಿಯೂದಿ ಗಂಟಲನ್ನು ತೆರೆದಿಡುತ್ತದೆ. ಉಪವಾಸದ ದಿನಗಳಲ್ಲೂ ಅದನ್ನು ಬಿಡಬಾರದು; ಗುಳಿಗೆ ನುಂಗುವವರು ದಶಲಕ್ಷಣ ಪರ್ವಕ್ಕೆ ಮೊದಲೇ ವೈದ್ಯರನ್ನು ಕೇಳಬೇಕು.

ಸರಕು ತರಲು ರಾತ್ರಿ ತಾವೇ ಗಾಡಿ ನಡೆಸುವ ಬಂಧುಗಳು ನಮ್ಮಲ್ಲಿ ಅನೇಕರು. ಚಕ್ರದ ಮುಂದೆ ಒಂದು ಕ್ಷಣ ಕಣ್ಣು ಮುಚ್ಚಿದರೂ ಮನೆಯ ದೀಪವೇ ಆರಬಹುದು. ಆದ್ದರಿಂದ ತಾಯಂದಿರೇ, ಸೊಸೆಯಂದಿರೇ, ಮನೆಯವರ ಗೊರಕೆಗೆ ನಕ್ಕು ಸುಮ್ಮನಾಗದೆ ಒಂದು ರಾತ್ರಿ ಕಿವಿಗೊಟ್ಟು ಕೇಳಿರಿ. ಉಸಿರು ನಿಲ್ಲುತ್ತಿದ್ದರೆ ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ.