ಆನ್‌ಲೈನ್ ವೈಟ್‌ಬೋರ್ಡ್: ಪ್ರಾಯೋಗಿಕ ಅವಧಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

ಬೇರೆ ಬೇರೆ ಸ್ಥಳಗಳಲ್ಲಿರುವವರು ಅಂತರ್ಜಾಲದ ಮೂಲಕ ಒಂದೇ ಹಲಗೆಯ ಮೇಲೆ ಏಕಕಾಲದಲ್ಲಿ ಬರೆಯಲು ಹಾಗೂ ನಕ್ಷೆ ಗುರುತಿಸಲು ನೆರವಾಗುವ ತಂತ್ರಾಂಶವೇ ಆನ್‌ಲೈನ್ ವೈಟ್‌ಬೋರ್ಡ್. ತೆಂಗಿನ ಕಪ್ಪುತಲೆ ಹುಳುವಿನ ಹತೋಟಿಯಂತಹ, ತಾಲ್ಲೂಕಿನ ಗಡಿಗೆ ಸೀಮಿತವಾಗದ ಕಾರ್ಯಗಳಲ್ಲಿ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತಂಡಗಳಿಗೆ ಇದು ಉಪಯುಕ್ತವಾಗಬಲ್ಲದು.

ಈ ಕೀಟದ ನಿಯಂತ್ರಣಕ್ಕಾಗಿ ತೋಟಗಳಲ್ಲಿ ಗೋನಿಯೋಜಸ್ ಪರೋಪಜೀವಿಗಳನ್ನು ಬಿಡಲಾಗುತ್ತದೆ. ಇವು ಬೆಳೆದ ಹುಳುಗಳ ಮೇಲೆಯೇ ಮೊಟ್ಟೆ ಇಡುವುದರಿಂದ, ಯಾವ ತೋಟದಲ್ಲಿ ಕೀಟವು ಯಾವ ಹಂತದಲ್ಲಿದೆ ಎಂಬ ಮಾಹಿತಿ ತಪ್ಪಿದಲ್ಲಿ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಆದುದರಿಂದ ಇಂತಹ ನೈಜ ಕೆಲಸವನ್ನೇ ಹಲಗೆಯ ಮೇಲೆ ನಡೆಸಿ, ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಕನ್ನಡ: ‘ಚಿಕ್ಕನಾಯಕನಹಳ್ಳಿ’ ಎಂಬ ಪದದ ಒತ್ತಕ್ಷರಗಳು ಪರದೆಯಲ್ಲಿಯೂ ಮುದ್ರಿತ ಪ್ರತಿಯಲ್ಲಿಯೂ ಸರಿಯಾಗಿ ಮೂಡಬೇಕು.

2. ಸಂಪರ್ಕ: ತೋಟದಲ್ಲಿ ಮೊಬೈಲ್ ಸಂಪರ್ಕ ಕಡಿತಗೊಂಡಾಗ ಬರೆದದ್ದು ಉಳಿಯಬೇಕು.

3. ಅಧಿಕಾರ: ತಿದ್ದುವವರು, ಕೇವಲ ನೋಡುವವರು ಯಾರೆಂದು ನಿಗದಿಪಡಿಸಲು, ಅಳಿಸಿದ್ದನ್ನು ಮರಳಿ ಪಡೆಯಲು ಸಾಧ್ಯವಿರಬೇಕು.

4. ಗೋಪ್ಯತೆ: ರೈತರ ಹೆಸರು, ದೂರವಾಣಿ ಸಂಖ್ಯೆಗಳನ್ನು ಹಲಗೆಯಲ್ಲಿ ನಮೂದಿಸದೆ ತೋಟಕ್ಕೊಂದು ಕ್ರಮಸಂಖ್ಯೆ ನೀಡಿ, ವಿವರಗಳನ್ನು ಕಚೇರಿಯ ವಹಿಯಲ್ಲಿ ಇಡುವುದು.

5. ಮಾಹಿತಿಯ ಉಳಿವು: ಗೂಗಲ್ ಸಂಸ್ಥೆಯ ಜ್ಯಾಮ್‌ಬೋರ್ಡ್ 2024ರ ಅಕ್ಟೋಬರ್ 1ರಿಂದ ಕೇವಲ ವೀಕ್ಷಣೆಗೆ ಸೀಮಿತಗೊಂಡು, ಡಿಸೆಂಬರ್ 31ರಂದು ಸಂಪೂರ್ಣ ಸ್ಥಗಿತವಾಯಿತು.

ಕೊನೆಯ ಅಂಶವೇ ಮುಖ್ಯವಾದುದು. ಪ್ರಾಯೋಗಿಕ ಅವಧಿ ಮುಗಿಯುವ ಮುನ್ನ ಹಲಗೆಯ ಎಲ್ಲ ಮಾಹಿತಿಯನ್ನು ಹೊರತೆಗೆದು, ಮತ್ತೊಂದು ಗಣಕಯಂತ್ರದಲ್ಲಿ ತೆರೆದು ನೋಡತಕ್ಕದ್ದು. ಹಾಗೆ ತೆರೆಯಲಾಗದಿದ್ದಲ್ಲಿ, ಇತರ ಸೌಲಭ್ಯಗಳು ಎಷ್ಟೇ ಉತ್ತಮವಾಗಿದ್ದರೂ ಆ ತಂತ್ರಾಂಶವನ್ನು ಆಯ್ಕೆ ಮಾಡುವುದು ಸೂಕ್ತವಲ್ಲ.