ಅಕ್ಯುಪಂಕ್ಚರ್: ಸೂಜಿಯ ಅನುಭವ ಮತ್ತು ಸುರಕ್ಷತೆ



ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಗೆ ಬರುವವರಲ್ಲಿ ಮಂಡಿನೋವು, ಸೊಂಟನೋವಿನವರು ಬಹಳ. ಮುಂಬಯಿಯಲ್ಲಿ 30-40 ವರ್ಷ ರೈಲ್ವೆ ಮೇಲ್ಸೇತುವೆ ಹತ್ತಿಳಿದವರಿಗೆ ಇದು ಹೊಸದೇನಲ್ಲ. ಇವರಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ: "ಅಕ್ಯುಪಂಕ್ಚರ್ ಮಾಡಿಸಬಹುದೇ? ನೋವಾಗುತ್ತದೆಯೇ? ಅಪಾಯವಿಲ್ಲವೇ?" ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ದುಡಿದವನು. ಆದರೆ ಮಂಡಿನೋವಿಗೆ ಎಂಟು ಸಲ ಈ ಚಿಕಿತ್ಸೆ ಪಡೆದಿದ್ದೇನೆ, ಅದರ ಬಗ್ಗೆ ಓದಿಯೂ ಇದ್ದೇನೆ. ತಿಳಿದದ್ದನ್ನು ಹಂಚಿಕೊಳ್ಳುತ್ತೇನೆ.

ಇದು ಚೀನಾದ ಪುರಾತನ ಪದ್ಧತಿ. 1938ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದದ್ದು ಹಲವರಿಗೆ ಗೊತ್ತು. ಅದೇ ತಂಡದ ಡಾ. ಬಿ. ಕೆ. ಬಸು ಮುಂದೆ ಈ ವಿದ್ಯೆಯನ್ನು ಕಲಿತು 1959ರಲ್ಲಿ ಕಲ್ಕತ್ತೆಗೆ ತಂದರು.

ಸೂಜಿ ಎಂದೊಡನೆ ಇಂಜೆಕ್ಷನ್ ನೆನಪಾಗುತ್ತದೆ. ಆದರೆ ಇಂಜೆಕ್ಷನ್ ಸೂಜಿ ಟೊಳ್ಳು, ಅದರೊಳಗಿಂದ ಔಷಧ ಹರಿಯಬೇಕು. ಇದು ಗಟ್ಟಿಯಾದ ತೆಳು ತಂತಿ, ದಪ್ಪ ಸುಮಾರು ಕಾಲು ಮಿಲಿಮೀಟರ್. ಒಳಗೆ ಹೋಗುವಾಗ ಸೊಳ್ಳೆ ಕಚ್ಚಿದಷ್ಟು ಚುರುಕು, ಕೆಲವೊಮ್ಮೆ ಅದೂ ಇಲ್ಲ. ಅನಂತರ ಆ ಜಾಗದಲ್ಲಿ ಭಾರ, ಮಂದ ನೋವು, ಜುಮ್ಮೆನ್ನುವಿಕೆ ಕಾಣಿಸುತ್ತದೆ. ಚೀನೀಯರು ಇದನ್ನು 'ದೆ ಚಿ' ಎನ್ನುತ್ತಾರೆ. ಸೂಜಿಗಳನ್ನು 20-30 ನಿಮಿಷ ಹಾಗೆಯೇ ಬಿಡುತ್ತಾರೆ. ನನಗೆ ಆ ಹೊತ್ತಿನಲ್ಲಿ ಜೊಂಪು ಹತ್ತುತ್ತಿತ್ತು. ಚುರ್ರೆಂದು ಉರಿದರೆ ಅಥವಾ ಕರೆಂಟು ಹೊಡೆದಂತಾದರೆ ಸುಮ್ಮನಿರಬಾರದು, ಕೂಡಲೇ ಹೇಳಬೇಕು.

ಇನ್ನು ಸುರಕ್ಷತೆ. ಜರ್ಮನಿಯಲ್ಲಿ ಸುಮಾರು 2.29 ಲಕ್ಷ ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಶೇ. 8.6 ಮಂದಿ ಏನಾದರೊಂದು ತೊಂದರೆ ಹೇಳಿದರು. ಹೆಚ್ಚಿನವು ಸಣ್ಣ ರಕ್ತಸ್ರಾವ ಅಥವಾ ಚರ್ಮ ನೀಲಿಗಟ್ಟುವುದು. ಸೂಜಿ ಶ್ವಾಸಕೋಶಕ್ಕೆ ತಾಗಿ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡದ್ದು ಇಬ್ಬರಿಗೆ. ಅಂಕಿ ಸಮಾಧಾನಕರವೇ. ಆದರೆ ಅಡಿಟಿಪ್ಪಣಿ ಓದುವುದು ಬ್ಯಾಂಕಿನವರ ಅಭ್ಯಾಸ: ಅಲ್ಲಿ ಸೂಜಿ ಹಾಕಿದವರೆಲ್ಲ ವಿಶೇಷ ತರಬೇತಿ ಪಡೆದ ವೈದ್ಯರು. ಬೋರ್ಡು ಹಾಕಿಕೊಂಡ ಎಲ್ಲರಿಗೂ ಆ ಅಂಕಿ ಅನ್ವಯಿಸದು.

ಹಾಗಾಗಿ ಹೋಗುವ ಮುನ್ನ ಇವನ್ನು ವಿಚಾರಿಸಿ:

1. ನೋಂದಣಿ ಇದೆಯೇ? ಮಹಾರಾಷ್ಟ್ರದಲ್ಲಿ ಇದಕ್ಕೆಂದೇ 2015ರ ಕಾಯ್ದೆ ಇದೆ. ಪ್ರಮಾಣಪತ್ರ ಕೇಳುವುದಕ್ಕೆ ಸಂಕೋಚ ಬೇಡ.

2. ಸೂಜಿ ಹೊಸದೇ? ಸೀಲ್ ಮಾಡಿದ ಪ್ಯಾಕೆಟ್ಟನ್ನು ನಿಮ್ಮೆದುರೇ ಒಡೆಯಬೇಕು, ಒಮ್ಮೆ ಬಳಸಿ ಎಸೆಯಬೇಕು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ ಹರಡಬಹುದು.

3. ನಿಮ್ಮ ವಿವರ ಹೇಳಿದ್ದೀರಾ? ರಕ್ತ ತೆಳುಮಾಡುವ ಮಾತ್ರೆ, ಸಕ್ಕರೆ ಕಾಯಿಲೆ, ಗರ್ಭಧಾರಣೆ ಇವನ್ನು ಮೊದಲೇ ತಿಳಿಸಿ. ಪೇಸ್‌ಮೇಕರ್ ಇದ್ದವರು ಸೂಜಿಗೆ ವಿದ್ಯುತ್ ಹಾಯಿಸುವ ಬಗೆಯನ್ನು ಮಾಡಿಸಿಕೊಳ್ಳಬಾರದು.

4. ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತಬಹುದು. ಮುಗಿದ ಮೇಲೆ ಸ್ವಲ್ಪ ಹೊತ್ತು ಕುಳಿತು ಏಳಿ.

ಎದೆ, ಬೆನ್ನು, ಭುಜದ ಭಾಗಕ್ಕೆ ಸೂಜಿ ಹಾಕಿಸಿಕೊಂಡ ಮೇಲೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ, ಕೆಲವು ಗಂಟೆಗಳ ನಂತರವಾದರೂ ಸರಿ, ನೇರ ಆಸ್ಪತ್ರೆಗೆ ಹೋಗಿ.

ಉಪಯೋಗವೆಷ್ಟು? 39 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬಹುಕಾಲದ ಮಂಡಿನೋವು, ಸೊಂಟನೋವು, ತಲೆನೋವುಗಳಲ್ಲಿ ಉಪಶಮನ ಕಂಡಿದೆ. ಆದರೆ ನಿಜವಾದ ಸೂಜಿಗೂ ತೋರಿಕೆಯ ಸೂಜಿಗೂ ಇರುವ ವ್ಯತ್ಯಾಸ ಸಣ್ಣದು. ನನ್ನ ಮಟ್ಟಿಗೆ ಮೆಟ್ಟಿಲು ಹತ್ತುವುದು ಸ್ವಲ್ಪ ಸುಲಭವಾಯಿತು, ಸವೆದ ಮಂಡಿ ಹೊಸದಾಗಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸೂಜಿಗಿಂತ ದೊಡ್ಡ ಅಪಾಯ ತಡವಾಗುವುದರಲ್ಲಿದೆ. ಸೊಂಟನೋವಿನ ಜೊತೆಗೆ ಕಾಲು ಸೋಲುವುದು, ಮೂತ್ರ ಕಟ್ಟುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಅದು ಬರೀ ವಾಯು, ವಯಸ್ಸು ಎಂದು ತಳ್ಳಿಹಾಕುವಂಥದ್ದಲ್ಲ. ನರದ ಮೇಲಿನ ಒತ್ತಡವೋ, ಬೆನ್ನುಮೂಳೆಯ ಕ್ಷಯವೋ, ಗಡ್ಡೆಯೋ ಇರಬಹುದು. ಆಗ ಒಂದೊಂದು ವಾರವೂ ಮುಖ್ಯ. ಕೈಯಲ್ಲಿ ಹಣವಿಲ್ಲದವರು ಎಕ್ಸ್-ರೇ, ಸ್ಕ್ಯಾನ್ ಮುಂದೂಡಿ ಕಡಿಮೆ ಖರ್ಚಿನ ಉಪಶಮನಕ್ಕೆ ಮೊರೆಹೋಗುವುದೇ ಹೆಚ್ಚು.

ಅದಕ್ಕಾಗಿಯೇ ಸಮಿತಿಯು ನೋವಿನ ಅರ್ಜಿಗಳಲ್ಲಿ ಮೊದಲು ವೈದ್ಯರ ತಪಾಸಣೆಗೆ, ಪರೀಕ್ಷೆಗಳಿಗೆ ನೆರವು ನೀಡುತ್ತದೆ. ರೋಗ ಇಂಥದ್ದೆಂದು ತಿಳಿದ ಮೇಲೆ, ವೈದ್ಯರು ಒಪ್ಪಿದರೆ, ಅಕ್ಯುಪಂಕ್ಚರ್ ಅವರವರ ಆಯ್ಕೆ. ಈ ಮೊದಲ ತಪಾಸಣೆಯ ಖರ್ಚನ್ನು ತಮ್ಮದೆಂದು ಭಾವಿಸಿ ವೈದ್ಯಕೀಯ ನೆರವು ನಿಧಿಗೆ ಕೈಲಾದಷ್ಟು ನೀಡಬೇಕೆಂದು ದಾನಿಗಳಲ್ಲಿ ನನ್ನ ವಿನಂತಿ. ಮೊತ್ತ ಚಿಕ್ಕದೆಂಬ ಸಂಕೋಚ ಬೇಡ. ಪ್ರತಿ ರೂಪಾಯಿಗೂ ರಶೀದಿ ಇದೆ, ಲೆಕ್ಕ ಇದೆ. ನೋವನ್ನು ನುಂಗಿಕೊಂಡು ಮನೆಯಲ್ಲೇ ಕುಳಿತ ಕನ್ನಡಿಗರು ನಿಮ್ಮ ನೆರೆಯಲ್ಲಿದ್ದರೆ ಅವರನ್ನು ಸಂಘದ ಕಚೇರಿಗೆ ಕರೆತನ್ನಿ. ಅದೂ ದಾನವೇ.