ಗಾಲ್ಫ್ ಕೋಲಿನ ಕಿಡಿ

ಕಲ್ಲುಹಾಸಿದ ದಾರಿಯಲ್ಲಿ ಲಾಳ ಕಟ್ಟಿದ ಕುದುರೆ ಓಡುವಾಗ ಅದರ ಗೊರಸಿನ ಅಡಿಯಿಂದ ಕಿಡಿ ಸಿಡಿಯುವುದುಂಟು. ಸಾಣೆ ಹಿಡಿಯುವವನು ತಿರುಗುವ ಚಕ್ರಕ್ಕೆ ಕತ್ತಿಯನ್ನು ಒತ್ತಿದಾಗ ಕಿಡಿಗಳ ಕುಚ್ಚೇ ಹೊರಹೊಮ್ಮುತ್ತದೆ. ಆ ಕಿಡಿಗಳು ಅವನ ಕೈಯ ಮೇಲೂ ಬಟ್ಟೆಯ ಮೇಲೂ ಬೀಳುತ್ತಿರುತ್ತವೆ. ಅವನು ಅದನ್ನು ಲೆಕ್ಕಿಸದೆ ತನ್ನ ಕೆಲಸದಲ್ಲಿ ಮಗ್ನನಾಗಿರುತ್ತಾನೆ. ಹುಟ್ಟಿದ ಕ್ಷಣದಲ್ಲಿಯೇ ಅಳಿಯುವ ಇಂತಹ ಕಿಡಿಯಿಂದ ಕೇಡೇನೂ ಇಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿರುವುದು ಸಹಜವೇ ಆಗಿದೆ. ಆದರೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಆಟದ ಕೋಲೊಂದು ಕಲ್ಲಿಗೆ ತಾಗಿ ಎದ್ದ ಕಿಡಿಯು ಗುಡ್ಡದ ಕುರುಚಲು ಕಾಡಿಗೇ ಬೆಂಕಿಯಿಟ್ಟಿತು ಎಂದರೆ ನಂಬುವಿರಾ? ಅಲ್ಲಿನ ಜನರೂ ಮೊದಲು ನಂಬಲಿಲ್ಲ.

ಆ ಆಟ ಗಾಲ್ಫ್. ನಿಂಬೆಹಣ್ಣಿನ ಗಾತ್ರದ ಗಟ್ಟಿಯಾದ ಚೆಂಡನ್ನು ಉದ್ದನೆಯ ಕೋಲಿನಿಂದ ಹೊಡೆದು, ಬಹು ದೂರದಲ್ಲಿರುವ ಚಿಕ್ಕ ಕುಳಿಯೊಂದರಲ್ಲಿ ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತಗಳಲ್ಲಿ ಬೀಳಿಸಿದರೆ ಅಷ್ಟು ಮೇಲು. ಕೋಲಿನ ತುದಿಯಲ್ಲಿ ಗಟ್ಟಿಯಾದ ತಲೆಯೊಂದು ಇರುತ್ತದೆ. ಹಿಂದೆ ಈ ತಲೆಯನ್ನು ಮರದಿಂದ ಮಾಡುತ್ತಿದ್ದರು. ಮುಂದೆ ಉಕ್ಕು ಬಂದಿತು. 1990ರ ದಶಕದಿಂದೀಚೆಗೆ ಟೈಟೇನಿಯಂ ಎಂಬ ಲೋಹದ ಮಿಶ್ರಣವು ಬಳಕೆಗೆ ಬಂದಿತು. ಟೈಟೇನಿಯಂ ಉಕ್ಕಿನಂತೆಯೇ ಬಲವುಳ್ಳದ್ದು, ಆದರೆ ಬಹು ಹಗುರ. ನೀರಿಗಿಂತ ಕಬ್ಬಿಣ ಸುಮಾರು 7.9 ಪಟ್ಟು ಭಾರವಾದರೆ ಟೈಟೇನಿಯಂ ಕೇವಲ 4.5 ಪಟ್ಟು ಭಾರ. ಹಗುರವಾದ ಕೋಲನ್ನು ವೇಗವಾಗಿ ಬೀಸಬಹುದು. ಬೀಸಿನ ಕೊನೆಯಲ್ಲಿ ಕೋಲಿನ ತಲೆಯು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಚಲಿಸುತ್ತದೆ.

ಮೊದಲ ಹೊಡೆತಕ್ಕೆ ಚೆಂಡನ್ನು ಪುಟ್ಟ ಗೂಟದ ಮೇಲೆ ಇಡುವುದರಿಂದ ಕೋಲು ನೆಲಕ್ಕೆ ತಾಗುವುದು ಅಪರೂಪ. ಅನಂತರದ ಹೊಡೆತಗಳಲ್ಲಿ ಹಾಗಲ್ಲ. ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಹೊಡೆಯಬೇಕು. ಅದು ನೀರುಣಿಸಿ ಬೆಳೆಸಿದ ಹಸಿರು ಹುಲ್ಲಿನ ಮೇಲೆ ನಿಂತಿದ್ದರೆ ಚಿಂತೆಯಿಲ್ಲ. ಅಂಚಿನ ಒರಟು ನೆಲಕ್ಕೆ ಉರುಳಿ ಹೋದರೆ ಅಲ್ಲಿ ಮಣ್ಣಿನಲ್ಲಿ ಹುದುಗಿರುವ ಕಲ್ಲಿಗೆ ಕೋಲು ತಾಗುವ ಸಂಭವವುಂಟು.

ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಮಳೆಗಾಲ ಬರುವುದು ಚಳಿಗಾಲದಲ್ಲಿ. ಬೇಸಿಗೆಯ ತಿಂಗಳುಗಳಲ್ಲಿ ಹನಿ ಮಳೆಯೂ ಬೀಳುವುದಿಲ್ಲವೆಂದೇ ಹೇಳಬಹುದು. ಗುಡ್ಡಗಳ ಮೇಲಿನ ಹುಲ್ಲು, ಪೊದೆಗಳೆಲ್ಲ ಒಣಗಿ ತರಗಾಗಿರುತ್ತವೆ. 2010ರ ಬೇಸಿಗೆಯಲ್ಲಿ ಅಲ್ಲಿನ ಅರ್ವೈನ್ ನಗರದ ಶೇಡಿ ಕ್ಯಾನಿಯನ್ ಎಂಬಲ್ಲಿ ಆಟಗಾರನೊಬ್ಬನ ಕೋಲು ಇಂತಹ ಒರಟು ನೆಲದ ಕಲ್ಲಿಗೆ ತಾಗಿತು. ಒಡನೆಯೇ ಹುಲ್ಲು ಹತ್ತಿಕೊಂಡಿತು. ಬೆಂಕಿ ಮೈದಾನವನ್ನು ದಾಟಿ ಪಕ್ಕದ ಗುಡ್ಡಗಳಿಗೆ ಏರಿತು. ಅದನ್ನು ಆರಿಸಲು ನೂರಕ್ಕೂ ಹೆಚ್ಚು ಮಂದಿ ಅಗ್ನಿಶಾಮಕ ಸಿಬ್ಬಂದಿ ಹೆಲಿಕಾಪ್ಟರುಗಳ ನೆರವಿನೊಡನೆ ಗಂಟೆಗಟ್ಟಲೆ ಹೋರಾಡಬೇಕಾಯಿತು. ಸಮೀಪದ ಮಿಷನ್ ವಿಯೆಹೊ ನಗರದ ಗಾಲ್ಫ್ ಮೈದಾನವೊಂದರಲ್ಲಿಯೂ ಇಂತಹುದೇ ಬೆಂಕಿ ಎದ್ದಿತು.

ಬೆಂಕಿ ಹೇಗೆ ಹೊತ್ತಿತು ಎಂಬ ಪ್ರಶ್ನೆಗೆ ದೊರೆತ ಉತ್ತರ ಒಂದೇ: ಚೆಂಡನ್ನು ಹೊಡೆಯಲು ಹೋದಾಗ ಕೋಲು ಕಲ್ಲಿಗೆ ತಾಗಿತು, ಅಷ್ಟೆ. ಈ ಮಾತನ್ನು ಒಪ್ಪಲು ಹಲವರು ಹಿಂಜರಿದರು. ಸೇದಿ ಎಸೆದ ಸಿಗರೇಟಿನ ತುಂಡಿನಿಂದ ಕಾಡು ಹತ್ತುವುದನ್ನು ಎಲ್ಲರೂ ಬಲ್ಲರು. ಕೋಲಿನ ಹೊಡೆತದಿಂದ ಹತ್ತುವುದನ್ನು ಯಾರು ಕಂಡಿದ್ದಾರೆ? ಆದರೆ ಆಟಗಾರನು ಹೇಳಿದ್ದು ನಿಜವಾಗಿದ್ದರೆ, ಅವನನ್ನು ಸುಮ್ಮನೆ ಸಂದೇಹಿಸಿದಂತಾಗುತ್ತದೆ. ಅಷ್ಟೇ ಅಲ್ಲ, ಬೆಂಕಿಯ ನಿಜವಾದ ಕಾರಣವು ಮರೆಯಲ್ಲಿಯೇ ಉಳಿದು ಮುಂದಿನ ಬೇಸಿಗೆಯಲ್ಲಿ ಮತ್ತೆ ಕಾಡನ್ನು ಸುಡುತ್ತದೆ. ಆದುದರಿಂದ ಆರೆಂಜ್ ಕೌಂಟಿಯ ಅಗ್ನಿಶಾಮಕ ಅಧಿಕಾರಿಗಳು ಅರ್ವೈನಿನಲ್ಲಿಯೇ ಇರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮೊರೆಹೊಕ್ಕರು.

ಅಲ್ಲಿನ ಲೋಹವಿಜ್ಞಾನಿ ಜೇಮ್ಸ್ ಅರ್ತ್‌ಮನ್ ಮತ್ತು ಅವರ ಸಂಗಡಿಗರು ಮೈದಾನದ ಅಂಚಿನ ಸ್ಥಿತಿಯನ್ನೇ ಪ್ರಯೋಗಶಾಲೆಯಲ್ಲಿ ನಿರ್ಮಿಸಿದರು. ಟೈಟೇನಿಯಂ ಕೋಲು ಕಲ್ಲಿಗೆ ಉಜ್ಜುವಂತೆ ಮಾಡಿ, ಅತಿವೇಗದ ಚಲನಚಿತ್ರ ಕ್ಯಾಮರಾಗಳಿಂದಲೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದಲೂ ಪರೀಕ್ಷಿಸಿದರು. ಕೋಲಿನಿಂದ ಸಿಡಿದ ಕಿಡಿಗಳ ತಾಪ ಸುಮಾರು 1,650 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದೆಂದು ತಿಳಿದುಬಂದಿತು. ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ ಅವು ಒಂದು ಸೆಕೆಂಡಿಗೂ ಹೆಚ್ಚು ಕಾಲ ಉರಿಯುತ್ತಿದ್ದವು. ಒಣಹುಲ್ಲು ಹೊತ್ತಿಕೊಳ್ಳಲು ಅಷ್ಟು ಸಮಯ ಧಾರಾಳವಾಗಿ ಸಾಕು. ಸ್ಟೇನ್‌ಲೆಸ್ ಸ್ಟೀಲಿನ ಕೋಲನ್ನು ಹಾಗೆಯೇ ಉಜ್ಜಿದಾಗ ಕಿಡಿಯೇ ಏಳಲಿಲ್ಲ. 2014ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಆಟಗಾರರು ಹೇಳಿದ್ದು ಅಸಂಭವವಲ್ಲವೆಂಬುದು ಸಿದ್ಧವಾಯಿತು.

ಒಂದು ಲೋಹ ಕಿಡಿಕಾರಿದಾಗ ಇನ್ನೊಂದು ಏಕೆ ತಣ್ಣಗಿತ್ತು? ಇದನ್ನು ತಿಳಿಯಬೇಕಾದರೆ ಕಿಡಿ ಎಂದರೇನೆಂಬುದನ್ನು ಮೊದಲು ಅರಿಯಬೇಕು. ಬೆಂಕಿಕಡ್ಡಿ ಬರುವುದಕ್ಕೆ ಮುಂಚೆ ಜನರು ಚಕಮಕಿ ಕಲ್ಲನ್ನು ಉಕ್ಕಿನ ತುಂಡಿಗೆ ಹೊಡೆದು ಬೆಂಕಿ ಮಾಡುತ್ತಿದ್ದರು. ಬೆಂಕಿಯು ಕಲ್ಲಿನೊಳಗೆ ಅಡಗಿರುತ್ತದೆಂದು ಎಷ್ಟೋ ಜನರ ನಂಬಿಕೆಯಾಗಿತ್ತು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಈ ಕಿಡಿಗಳನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ, ಬಿದ್ದ ಕಪ್ಪು ಚುಕ್ಕಿಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದನು. ಅವು ದುಂಡನೆಯ ಪುಟ್ಟ ಗುಂಡುಗಳಾಗಿದ್ದವು! ಉಕ್ಕಿನ ಚೂರು ಕರಗಿ ಹನಿಯಾಗಿ ಮತ್ತೆ ಗಟ್ಟಿಯಾಗಿತ್ತು. 1665ರಲ್ಲಿ ಪ್ರಕಟವಾದ ‘ಮೈಕ್ರೊಗ್ರಾಫಿಯ’ ಎಂಬ ತನ್ನ ಗ್ರಂಥದಲ್ಲಿ ಅವನು ಇದನ್ನು ವರ್ಣಿಸಿದ್ದಾನೆ. ಒಂದು ಹಾಳೆ ಕಾಗದದಿಂದ ಇಷ್ಟನ್ನು ಕಂಡುಕೊಂಡ ಅವನ ಬುದ್ಧಿಯನ್ನು ಮೆಚ್ಚಬೇಕು.

ಎಂದರೆ, ಕಿಡಿಯು ಉರಿಯುತ್ತಿರುವ ಲೋಹದ ಚೂರು. ಕಲ್ಲಿನ ಕೆಲಸ ಆ ಚೂರನ್ನು ಹೆರೆದು ಕೊಡುವುದು ಮಾತ್ರ. ಕಬ್ಬಿಣದ ಗಟ್ಟಿ ಉರಿಯದಿರುವಾಗ ಅದರ ಚೂರು ಹೇಗೆ ಉರಿಯುತ್ತದೆ? ಒಂದು ಸೆಂಟಿಮೀಟರ್ ಬದಿಯ ಘನವನ್ನು ತೆಗೆದುಕೊಳ್ಳೋಣ. ಅದರ ಆರು ಮುಖಗಳ ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬದಿಯುಳ್ಳ ಘನಗಳಾಗಿ ಕತ್ತರಿಸಿದರೆ ಹತ್ತು ಲಕ್ಷ ಚೂರುಗಳಾಗುತ್ತವೆ. ಅವುಗಳ ಒಟ್ಟು ಮೇಲ್ಮೈ 600 ಚದರ ಸೆಂಟಿಮೀಟರ್. ಲೋಹ ಅಷ್ಟೇ, ಗಾಳಿಗೆ ತೆರೆದ ಭಾಗ ಮಾತ್ರ ನೂರು ಪಟ್ಟು. ಆಮ್ಲಜನಕದೊಡನೆ ಕೂಡುವಾಗ ಹುಟ್ಟಿದ ಶಾಖವು ದೊಡ್ಡ ಗಟ್ಟಿಯಲ್ಲಾದರೆ ಒಳಗೆ ಹರಡಿಹೋಗುತ್ತದೆ. ಚೂರಿನಲ್ಲಿ ಹರಡಲು ಸ್ಥಳವೆಲ್ಲಿ? ಅದು ಕಾದು ಕೆಂಡವಾಗುತ್ತದೆ.

ಇನ್ನು ಟೈಟೇನಿಯಂ. ಈ ಲೋಹದ ಸ್ವಭಾವ ವಿಚಿತ್ರವಾದುದು. ಅದು ಸಮುದ್ರದ ನೀರಿನಲ್ಲಿಯೂ ತುಕ್ಕು ಹಿಡಿಯುವುದಿಲ್ಲ. ವೈದ್ಯರು ಮುರಿದ ಮೂಳೆಗಳನ್ನು ಜೋಡಿಸಲು ಅದರ ಪಟ್ಟಿಗಳನ್ನು ದೇಹದೊಳಗೆ ಇಡುತ್ತಾರೆ. ಇಷ್ಟು ಸಾಧುವಾದ ಲೋಹ ಬೆಂಕಿ ಕಾರುವುದೆಂತು? ಅದರ ಸಾಧುತನವೆಲ್ಲ ಮೇಲ್ಮೈಯಲ್ಲಿರುವ ಅತಿ ತೆಳುವಾದ ಆಕ್ಸೈಡ್ ಪದರದ ಕೃಪೆ. ಕಲ್ಲು ಆ ಪದರವನ್ನು ಹೆರೆದು ಚೂರನ್ನು ಕಿತ್ತಿತೆಂದರೆ ಒಳಗಿನ ಲೋಹ ಬಯಲಾಗಿ ಗಾಳಿಯ ಮೇಲೆ ಎರಗುತ್ತದೆ. ಒಂದು ಗ್ರಾಂ ಟೈಟೇನಿಯಂ ಉರಿದಾಗ ಬರುವ ಶಾಖ, ಒಂದು ಗ್ರಾಂ ಕಬ್ಬಿಣದಿಂದ ಬರುವುದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಸಾಲದೆಂಬಂತೆ ಈ ಲೋಹ ಸಾರಜನಕದಲ್ಲಿಯೂ ಉರಿಯಬಲ್ಲದು. ಗಾಳಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇರುವುದು ಆ ಅನಿಲವೇ. ಟೈಟೇನಿಯಂ ಶಾಖವನ್ನು ಬೇಗನೆ ಸಾಗಿಸುವುದೂ ಇಲ್ಲ. ಆದುದರಿಂದ ಘರ್ಷಣೆಯ ಶಾಖ ಉಜ್ಜಿದ ಜಾಗದಲ್ಲಿಯೇ ಶೇಖರವಾಗುತ್ತದೆ. ಬಾಣಬಿರುಸುಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಬಿಳಿಯ ಕಿಡಿಗಳು ಬೇಕೆಂದಾಗ ಬೆರೆಸುವುದು ಇದರ ಪುಡಿಯನ್ನೇ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಬೆರೆತಿದೆ. ಗಾಳಿ ತಾಗಿದೊಡನೆ ಅದರ ಮೇಲೆ ಏರ್ಪಡುವ ಪದರ ಉತ್ಕರ್ಷಣವನ್ನು ತಡೆಯುತ್ತದೆ. ಸಾಣೆಯ ಚಕ್ರಕ್ಕೆ ಒತ್ತಿ ಹಿಡಿದರೆ ಅದೂ ಒಂದಿಷ್ಟು ಕಿಡಿ ಕೊಟ್ಟೀತು. ಕಲ್ಲಿಗೆ ಒಮ್ಮೆ ತಾಗಿದ ಮಾತ್ರಕ್ಕೆ ಕೊಡುವುದಿಲ್ಲ. ಸಾಮಾನ್ಯ ಉಕ್ಕಿನ ಕಿಡಿಯೂ ಬೇಗ ಆರುತ್ತದೆ. ಚಕಮಕಿ ಬಳಸುತ್ತಿದ್ದವರು ಅದನ್ನು ಹಿಡಿಯಲು ಸುಟ್ಟ ಬಟ್ಟೆಯನ್ನೋ ಒಣಗಿದ ನಾರನ್ನೋ ಕಾದಿರಿಸಿ, ಊದಿ ಊದಿ ಬೆಂಕಿ ಮಾಡಬೇಕಾಗುತ್ತಿತ್ತು.

ಟೈಟೇನಿಯಂ ಕೋಲಿನವರು ಒಣಹುಲ್ಲಿನ ನಡುವೆ, ಕಲ್ಲಿನ ಬಳಿ ಬಿದ್ದ ಚೆಂಡನ್ನು ಅಲ್ಲಿಂದ ಸರಿಸಿ ಆಡುವುದು ಲೇಸೆಂದು ಅಗ್ನಿಶಾಮಕ ಅಧಿಕಾರಿಗಳು ಸೂಚಿಸಿದರು. ಇಲ್ಲೊಂದು ತೊಡಕಿದೆ. ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕೆಂಬುದು ಗಾಲ್ಫಿನ ಬಹು ಹಳೆಯ ನಿಯಮ. ಆಡಲಾಗದ ಸ್ಥಳವೆಂದು ಆಟಗಾರನೇ ಹೇಳಿ ಚೆಂಡನ್ನು ಬೇರೆಡೆಗೆ ಒಯ್ಯಬಹುದು; ಆದರೆ ಅದಕ್ಕೆ ದಂಡವಾಗಿ ಅವನ ಲೆಕ್ಕಕ್ಕೆ ಒಂದು ಹೊಡೆತ ಸೇರುತ್ತದೆ. ಒಣಗಿದ ಗುಡ್ಡವನ್ನು ಎದುರಿಗಿಟ್ಟುಕೊಂಡು, ಕೋಲನ್ನು ಕೈಯಲ್ಲಿ ಹಿಡಿದು ನಿಂತ ಆಟಗಾರನು ಆ ಒಂದು ಹೊಡೆತವನ್ನು ಬಿಟ್ಟುಕೊಡುವನೇ ಇಲ್ಲವೇ ಎಂಬುದು ಅವನಿಗೇ ಬಿಟ್ಟ ವಿಷಯ.